ಹೊಸ್ತಿಲ ಮುಂದಿನ ಪಾವಟಿಗೆ

ಘೋಡಗೇರಿಯ ಗೌಂಡಿ ಉದ್ದಪ್ಪನಿಗೆ ಕಲ್ಲು ಕೂಡಿಸುವುದು ಚೆನ್ನಾಗಿ ಬರುತ್ತಿತ್ತು; ಕೂಲಿ ಕೇಳುವುದು ಬರುತ್ತಿರಲಿಲ್ಲ. ಯಮಕನಮರಡಿಯ ವ್ಯಾಪಾರಿ ಪರಪ್ಪನ ಮನೆ ಕಟ್ಟಿದ್ದರ ಬಾಬತ್ತು ಅವನಿಗೆ ಇನ್ನೂರು ರೂಪಾಯಿ ಬರಬೇಕಾಗಿತ್ತು. ಕೇಳಲು ಹೋದಾಗಲೆಲ್ಲ ಪರಪ್ಪ ಚಹಾ ಕುಡಿಸಿ ಕಳಿಸುತ್ತಿದ್ದ. ೧೯೫೮ರ ಶ್ರಾವಣದಲ್ಲಿ ಮಾತ್ರ ಚಹಾ ಬರಲಿಲ್ಲ.

“ಮುದ್ದತ್ತು ಮುಗೀತೋ ಉದ್ದಪ್ಪಾ! ಕೆಲಸ ಮುಗದು ಮೂರು ವರ್ಷ ದಾಟಿದ ಮ್ಯಾಲ ಕೋರ್ಟು ನಿನ್ನ ಫಿರ್ಯಾದಿ ತಗೊಳೂದಿಲ್ಲ.”

“ಖರೆ ಸಾವಕಾರ್ರ, ಹುಕ್ಕೇರಿ ವಕೀಲ್ರೂ ಹಂಗ ಅಂದ್ರು. ಆದರ ಕೆಲಸ ಎಲ್ಲಿ ಮುಗದೈತ್ರಿ?”

ಕೊನೆಯ ಕಲ್ಲು ಕೂಡಿಸಿದ ದಿನ ಗೌಂಡಿಗೆ ಹೊಸ ರುಮಾಲು ಸುತ್ತಿ ಆಯೇರಿಯ ಉಡುಗೊರೆ ಕೊಡುವುದು ಆ ಸೀಮೆಯ ವಾಡಿಕೆ. ಆ ಖರ್ಚು ಉಳಿಸಲೆಂದೇ ಪರಪ್ಪ ಕೊನೆಯ ಕಲ್ಲಾದ ಪಾವಟಿಗೆಯನ್ನು, ಹೊಸ್ತಿಲ ಮುಂದಿನ ಮೆಟ್ಟಿಲನ್ನು, ಹಾಕಿಸಿರಲಿಲ್ಲ. ಮೂರು ವರ್ಷದಿಂದ ಮನೆಮಂದಿಯೆಲ್ಲ ಮೊಣಕಾಲೆತ್ತರ ಹಾರಿಯೇ ಒಳಗೆ ಹೋಗುತ್ತಿದ್ದರು.

“ಈಗ ರುಮಾಲ ತರಸ್ತೇನಿ. ಇವತ್ತ ಮುಗಿಸಿಬಿಡು!” ಎಂದು ಪರಪ್ಪ ಅಂಗಳದ ಕಟ್ಟೆಯಿಂದ ಎದ್ದ.

“ಮುಗಸ್ತೇನ್ರಿ. ಫಿರ್ಯಾದಿ ಹಾಕೂ ಮೂರು ವರ್ಷ ಇವತ್ತಿನಿಂದ ಸುರು ಆಗ್ತಾವು.”

ಪರಪ್ಪ ಮತ್ತೆ ಕುಳಿತ. “ಹಂಗಾದರ ಪಾವಟಗೀನ ಬ್ಯಾಡ.”

“ಹಂಗಾದರ ಮುದ್ದತ್ತು ಸುರೂನ ಆಗೂದಿಲ್ರಿ.”

ಅಷ್ಟರಲ್ಲಿ ಪರಪ್ಪನ ಹೆಂಡತಿ ಶಿವಗಂಗವ್ವ ನೀರು ತಂದು ಕೊಡವನ್ನು ಅಂಗಳದಲ್ಲೇ ಕುಕ್ಕಿದಳು. “ತುಂಬಿದ ಕೊಡ ಹೊತ್ತು ನಾ ಇನ್ನ ಹಾರೂದಿಲ್ಲ. ಅವನ ರೊಕ್ಕಾ ಕೊಟ್ಟು ಪಾವಟಗಿ ಹಾಕಸ್ರಿ. ಇಲ್ಲಾಂದ್ರ ನಾಳಿಂದ ನೀರು ನೀವ ತರ್ರಿ!”

ಪರಪ್ಪ ಒಮ್ಮೆ ಕೊಡವನ್ನು ನೋಡಿದ, ಒಮ್ಮೆ ಬಾಗಿಲನ್ನು ನೋಡಿದ. ಆಮೇಲೆ ಧೋತರ ಎತ್ತಿ ಕಟ್ಟಿ, ತಿಜೋರಿಯ ಕೀಲಿಕೈ ತರಲು ಒಳಗೆ ಹಾರಿದ.