ಟಾಪು ಮಡಚುವ ಸ್ವಿಚ್ಚು

ಮದುವೆ ಮೆರವಣಿಗೆಗೆ ಡಿಜೆ ಹೊತ್ತ ಲಾರಿಗಳು ನಮ್ಮ ಸೀಮೆಗೆ ಇನ್ನೂ ಕಾಲಿಟ್ಟಿರಲಿಲ್ಲ. ಬ್ಯಾಂಡ್‌ಸೆಟ್ಟು ಮುಂದೆ, ಹೆಂಗಸರು ಹಿಂದೆ, ನಡುವೆ ಹೂವಿನ ಕಾರು. ಆಗ ಹೊನ್ನಾಳಿ ಸುತ್ತಮುತ್ತ ಯಾರಿಗಾದರೂ ಓಪನ್ ಕಾರು ಬೇಕೆಂದರೆ ನಮ್ಮ ದೊಡ್ಡಪ್ಪನ ಶಾಮಿಯಾನ ಅಂಗಡಿಗೇ ಬರಬೇಕಿತ್ತು.

ಅದು ಎಲ್ಲಿಯದೋ ಹಳೆಯ ಫಾರಿನ್ ಕಾರು. ಕೆನೆ ಬಣ್ಣದ, ದೋಣಿಯಂತೆ ಉದ್ದನೆಯ ಮೈ, ಮೇಲೆ ದಪ್ಪ ಕರಿ ಬಟ್ಟೆಯ ಟಾಪು. ಸ್ಟೇರಿಂಗ್ ಪಕ್ಕದ ಸ್ವಿಚ್ಚು ಒತ್ತಿದರೆ ಟಾಪು ತಾನೇ ಎದ್ದು, ಮಡಚಿಕೊಂಡು, ಹಿಂದಿನ ಸೀಟಿನ ಬೆನ್ನಿಗಿರುವ ಗೂಡಿನೊಳಗೆ ಹೋಗಿ ಕೂರುತ್ತಿತ್ತು. ಜನಕ್ಕೆ ಮದುಮಗನಿಗಿಂತ ಅದನ್ನು ನೋಡುವುದೇ ದೊಡ್ಡದು. ಊರ ನಡುವೆ ಕಾರು ನಿಲ್ಲಿಸಿ ದೊಡ್ಡಪ್ಪ ಸ್ವಿಚ್ಚು ಒತ್ತುತ್ತಿದ್ದ. ಟಾಪು ಏಳುತ್ತಿದ್ದಂತೆ ಬ್ಯಾಂಡಿನವರು ಶುರು ಮಾಡುತ್ತಿದ್ದರು, ಹುಡುಗರು ಸಿಳ್ಳೆ ಹೊಡೆಯುತ್ತಿದ್ದರು.

ಅಪ್ಪ ದೊಡ್ಡಪ್ಪನ ಸ್ವಂತ ತಮ್ಮ. ಅಣ್ಣನ ಅಂಗಡಿಯ ವೈರಿಂಗು, ಜನರೇಟರು, ಆ ಕಾರು ಎಲ್ಲ ಅವನ ಪಾಲಿನ ಕೆಲಸ. ಗೋಡೌನಿನ ಪಕ್ಕದ ತಗಡಿನ ಶೆಡ್ಡೇ ಅವನ ವರ್ಕ್‌ಶಾಪು. ಬ್ಯಾಟರಿ ಆಸಿಡ್ಡು, ಗ್ರೀಸು, ಸುಟ್ಟ ವೈರಿನ ವಾಸನೆ ಬೆರೆತ ಆ ಶೆಡ್ಡಿನಲ್ಲಿ ನನ್ನ ಬೇಸಿಗೆ ರಜೆಗಳೆಲ್ಲ ಕಳೆದವು. ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತ ಅಪ್ಪ ನನಗೆ ಪಾಠ ಹೇಳುತ್ತಿದ್ದ. ಕರೆಂಟು ಬಿಟ್ಟು ತಡೆಯುವ ರಿಲೇ ಡಬ್ಬಿಯನ್ನು ಬೆರಳ ತುದಿಯಲ್ಲಿ ಹಿಡಿದು, "ಮುಟ್ಟಿ ನೋಡವ್ವ ರತ್ನಿ. ಟಿಕ್ ಅಂತ ಬಡೀತೈತಲ್ಲ, ಅಂದ್ರೆ ಜೀವ ಐತೆ" ಎನ್ನುತ್ತಿದ್ದ. ಐದನೇ ಕ್ಲಾಸು ಮುಗಿಸುವ ಹೊತ್ತಿಗೆ ಫ್ಯೂಜು ಹೋದದ್ದೋ ಅರ್ಥ್ ಬಿಟ್ಟದ್ದೋ ನಾನೇ ಹೇಳಬಲ್ಲವಳಾಗಿದ್ದೆ. ಟೆಸ್ಟ್ ಲ್ಯಾಂಪು ಹಿಡಿಯುವುದರಲ್ಲಿ ನಿನ್ನ ಕೈಯಂಥ ಕೈ ಇನ್ನೊಂದಿಲ್ಲ ಎಂದು ಅಪ್ಪ ಹೇಳಿದ್ದಕ್ಕೆ ವಾರವೆಲ್ಲ ಹಿಗ್ಗಿದ್ದೆ.

ಆ ವರ್ಷ ನ್ಯಾಮತಿಯ ಮದುವೆಯೊಂದರಲ್ಲಿ ಟಾಪು ಅರ್ಧಕ್ಕೇ ನಿಂತುಬಿಟ್ಟಿತು. ಎಡಗಡೆ ಕುಸಿದು, ಬಲಗಡೆ ಮೇಲೆದ್ದ ಆ ಟಾಪಿನಡಿ ಬಾಸಿಂಗ ಕಟ್ಟಿಕೊಂಡ ಮದುಮಗ ಮುರಿದ ಕೊಡೆಯ ಕೆಳಗೆ ಸಿಕ್ಕಿಬಿದ್ದವನಂತೆ ಕಂಡನಂತೆ. ಜನ ಬಿದ್ದು ಬಿದ್ದು ನಕ್ಕರು. ಅಪಮಾನದಿಂದ ಕುದಿಯುತ್ತ ಬಂದ ದೊಡ್ಡಪ್ಪ ಶಾಮಿಯಾನದ ಆಳುಗಳೆಲ್ಲರ ಎದುರಿಗೇ ಅಪ್ಪನನ್ನು ನಿಲ್ಲಿಸಿಕೊಂಡ.

"ನಿನ್ನ ಕೈಗೆ ಕೊಟ್ಟಿದ್ದು ನನ್ನ ತಪ್ಪು ಕಣೋ. ಗೋಡೌನಿನ ಬಲ್ಬು ಹಾಕಾಕೆ ಲಾಯಕ್ಕು ನೀನು. ಭಾನುವಾರ ಚನ್ನಗಿರಿಯಾಗೆ ದೊಡ್ಡವರ ಮದುವೆ ಐತೆ. ಅಷ್ಟ್ರಾಗೆ ಆಗ್ಲಿಲ್ಲ ಅಂದ್ರೆ ಹೆಂಡ್ತಿ ಮಗಳನ್ನ ಕರ್ಕಂಡು ಎಲ್ಲಾದ್ರೂ ಹೋಗು."

ಅಪ್ಪ ತಲೆ ಎತ್ತದೆ, "ಆಗ್ಲಿ ಅಣ್ಣ" ಎಂದ. ಆಳುಗಳಲ್ಲಿ ಒಬ್ಬ ನಕ್ಕದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಮೊದಲ ದಿನ ಬ್ಯಾಟರಿ, ಫ್ಯೂಜು, ಸ್ವಿಚ್ಚು ನೋಡಿದ್ದಾಯಿತು. ನಾನು ಡ್ರೈವರ್ ಸೀಟಿನಲ್ಲಿ ಕೂತು ಸ್ವಿಚ್ಚು ಒತ್ತಬೇಕು, ಅಪ್ಪ ಹಿಂದೆ ಕಿವಿಯಿಟ್ಟು ಕೇಳಬೇಕು. ಅವನು "ಹೂಂ" ಎನ್ನುವವರೆಗೂ ನಾನು ಕೈ ಹಚ್ಚುವಂತಿಲ್ಲ. ಆ ಕಟ್ಟಳೆಯನ್ನು ಒಂದು ಸಲವೂ ಮುರಿದವಳಲ್ಲ ನಾನು.

"ಮೋಟ್ರು ತಿರುಗ್ತೈತೆ ಕಣವ್ವ. ಕರೆಂಟಿನ ದೋಷ ಅಲ್ಲ."

ಎರಡನೆಯ ದಿನ ಹಿಂದಿನ ಸೀಟು ಬಿಚ್ಚಿದೆವು. ಇಲಿ ಕಡಿದ ಸ್ಪಂಜು, ಒಣಗಿದ ಸೇವಂತಿಗೆ, ಯಾವುದೋ ಮದುವೆಯ ಅಕ್ಷತೆ ಕಾಳು. ಅದರ ಕೆಳಗೆ ಪಂಪು. ಅದರ ಎಣ್ಣೆ ಬಟ್ಟಲು ಹೆಚ್ಚುಕಡಿಮೆ ಖಾಲಿಯಾಗಿತ್ತು. ಟಾಪನ್ನು ಎತ್ತುವುದು ಎರಡೂ ಬದಿಯ ಎಣ್ಣೆ ಸಿಲಿಂಡರುಗಳು. ಎಡಗಡೆಯದರ ಕೆಳಗೆ ಕೆಂಪು ಜಿಡ್ಡು ಕಟ್ಟಿತ್ತು. ಅಪ್ಪ ಅದನ್ನು ಬೆರಳಲ್ಲಿ ಒರೆಸಿ ಮೂಸಿದ. ರೋಗ ಸಿಕ್ಕಿತ್ತು. ಎಣ್ಣೆ ತುಂಬಿಸಿ ನೋಡಿದರೆ ಟಾಪು ಎದ್ದಿತು, ಆದರೆ ಎಡಗಡೆ ಸೋರುತ್ತ ಹಿಂದೆ ಬೀಳುತ್ತಿತ್ತು.

ಸಂಜೆ ಅಪ್ಪ ದೊಡ್ಡಪ್ಪನ ಮುಂದೆ ನಿಂತು ಹೇಳಿದ: "ಅಣ್ಣ, ಸಿಲಿಂಡರಿನಾಗೆ ಎಣ್ಣೆ ತಡೆಯೋ ಸೀಲು ಹೋಗೈತೆ. ಬೆಂಗಳೂರಿಂದ ತರಿಸ್ಬೇಕು. ಈ ಸಲ ಇಬ್ರು ಹಿಡ್ಕಂಡು ಕೈಯಾಗೇ ಮಡಚಾನ. ಏನೂ ಆಗಲ್ಲ."

"ಕೈಯಾಗೆ ಮಡಚಾಕೆ ಇದೇನು ಎತ್ತಿನ ಗಾಡಿ ಕಮಾನೇನೋ?" ದೊಡ್ಡಪ್ಪ ಎಲೆ ಅಡಿಕೆ ಉಗಿದ. "ಸ್ವಿಚ್ಚು ಒತ್ತಿದ್ರೆ ಮಡಚ್ಕಬೇಕು. ಅಷ್ಟೇ."

ಭಾನುವಾರ ಬೆಳಿಗ್ಗೆ ಬಿಚ್ಚಿದ್ದ ಸೀಟನ್ನು ಜೋಡಿಸಿ ಅಪ್ಪ ಮತ್ತೆ ಕೂತ. ಪೈಪಿನ ಜೋಡಣೆಯನ್ನು ಇನ್ನಷ್ಟು ಬಿಗಿ ಮಾಡಿದರೆ ಇವತ್ತೊಂದು ದಿನ ತಡೆದೀತು ಎಂಬ ಆಸೆ. ಟಾಪನ್ನು ಅರ್ಧ ಎತ್ತಿ, ಚೌಕಟ್ಟಿನ ಕೆಳಗೆ ಶಾಮಿಯಾನದ ಗೂಟವೊಂದನ್ನು ಆಸರೆ ಕೊಟ್ಟಿದ್ದ. ಮಡಚುವ ಕೀಲುಗಳ ನಡುವೆ ಬಲಗೈ ತೂರಿಸಿ ಬಗ್ಗಿದ್ದ. ನಾನು ಸ್ವಿಚ್ಚಿನ ಹತ್ತಿರ ಬೆರಳಿಟ್ಟುಕೊಂಡು ಅವನ ಮಾತಿಗೆ ಕಾಯುತ್ತಿದ್ದೆ. ಡ್ರೈವರ್ ಖಾದರಣ್ಣ ಹೂವು ತರಲು ಹೋಗಿದ್ದ.

ದೊಡ್ಡಪ್ಪ ಬಿಳಿ ಪಂಚೆ, ಬಿಳಿ ಶರಟಿನಲ್ಲಿ ಬಂದ. ಗೂಟ ಕಂಡದ್ದೇ ತಡ, "ಬಟ್ಟೆಗೆ ಗುರುತು ಬೀಳ್ತೈತೆ, ಯಾವನು ಇಟ್ಟಿದ್ದು ಇದನ್ನ?" ಎಂದು ಕಿತ್ತೆಸೆದ. ನನ್ನ ಬದಿಗೆ ಬಂದು, "ಒತ್ತೇ, ನೋಡಾನ" ಎಂದ.

"ಅಪ್ಪ ಹೂಂ ಅಂದಿಲ್ಲ ದೊಡ್ಡಪ್ಪ."

"ನಾನು ಹೇಳ್ತೀನಿ, ಒತ್ತು."

ನಾನು ಕೈ ಹಿಂದೆಗೆದುಕೊಳ್ಳುವಷ್ಟರಲ್ಲಿ ಅವನು ನನ್ನ ಬೆರಳಿನ ಮೇಲೆ ತನ್ನ ಹೆಬ್ಬೆರಳಿಟ್ಟು ಒತ್ತಿದ. ಮೋಟರು ಗುರ್ರೆಂದಿತು. ಕರಿ ಟಾಪು ಒಮ್ಮೆ ನಡುಗಿ, ಒಂದೇ ಏಟಿಗೆ ಹಿಂದಕ್ಕೆ ಕುಸಿಯಿತು. ಅಪ್ಪ ಕಿರುಚಲಿಲ್ಲ. ಉಸಿರು ಒಳಗೆಳೆದುಕೊಂಡಂಥ ಒಂದು ಸದ್ದು ಮಾಡಿದ, ಅಷ್ಟೇ. ಕಿರುಚಿದವಳು ನಾನು.

ಖಾದರಣ್ಣ ಹೂವಿನ ಬುಟ್ಟಿ ಬಿಸಾಕಿ ಓಡಿಬಂದ. ಅವನೂ ದೊಡ್ಡಪ್ಪನೂ ಸೇರಿ ಚೌಕಟ್ಟು ಹಿಡಿದು ಎತ್ತಿದರು. ಇಬ್ಬರು ಕೈಯಲ್ಲೇ ಎತ್ತಬಹುದು ಎಂದು ಅಪ್ಪ ಹೇಳಿದ್ದು ನಿಜವಾಗಿತ್ತು. ತೋರುಬೆರಳು, ನಡುಬೆರಳು ಬರೀ ತೊಗಲಿನಲ್ಲಿ ನೇತಾಡುತ್ತಿದ್ದವು. ಶಾಮಿಯಾನದ ತುಂಡು ಬಟ್ಟೆ ಸುತ್ತಿ, ಯಾರದೋ ಬೈಕಿನ ಹಿಂದೆ ಕೂರಿಸಿ ಅಪ್ಪನನ್ನು ಕಳಿಸಿದರು. ಬೈಕು ತಿರುವು ದಾಟುವ ಮೊದಲೇ ದೊಡ್ಡಪ್ಪ ಕಾರಿನ ಕಡೆ ತಿರುಗಿದ. ಅವರು ಎತ್ತಿ ಕೈಬಿಟ್ಟ ಟಾಪು ಗೂಡಿನೊಳಗೆ ನೀಟಾಗಿ ಕೂತಿತ್ತು.

"ಹೆಂಗೋ ಮಡಚ್ಕಂಡೈತೆ. ಖಾದರ್, ಇನ್ನು ಮುಟ್ಟಬ್ಯಾಡ, ಹಿಂಗೇ ಹೊರಡು. ಲೇ ರತ್ನಿ, ಸೀಟು ಒರ್ಸು. ಕಲೆ ಉಳೀಬಾರ್ದು."

ನಾನು ಒರೆಸಿದೆ. ಬಕೆಟ್ಟಿನ ನೀರು ಮೂರು ಸಲ ಬದಲಾಯಿಸಿ, ಹೊಲಿಗೆಯ ಸಂದಿಗಳನ್ನು ಉಗುರಿನಿಂದ ಕೆರೆದು ಒರೆಸಿದೆ. ಹೂವು ಕಟ್ಟಿದ ಕಾರು ಚನ್ನಗಿರಿಗೆ ಹೊರಟಿತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಆ ಎರಡೂ ಬೆರಳುಗಳನ್ನು ತೆಗೆದರು. ಅಪ್ಪ ಮನೆಗೆ ಬಂದ ದಿನ ನಡುಮನೆಯ ತುಂಬ ನೆಂಟರು, ಮೂಲೆಯಲ್ಲಿ ಎಳನೀರು, ಬ್ರೆಡ್ಡು, ಮೂಸಂಬಿ. ಕುರ್ಚಿಯಲ್ಲಿ ಕೂತ ದೊಡ್ಡಪ್ಪ ಎಲ್ಲರಿಗೂ ಹೇಳಿದ: "ಹುಡುಗಾಟ ನೋಡ್ರಿ. ಬ್ಯಾಡ ಬ್ಯಾಡ ಅಂದ್ರೂ ಈ ಹುಡುಗಿ ಒತ್ತಿಬಿಟ್ಲು. ಹೆತ್ತ ಅಪ್ಪನ ಕೈಯಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಅಪ್ಪನ ಕಡೆ ನೋಡಿದೆ. ಅವ್ವ ಬಾಯಿಗಿಟ್ಟ ಮೂಸಂಬಿ ತೊಳೆಯನ್ನು ಅಪ್ಪ ಮೆಲ್ಲಗೆ ಅಗಿದ, ನುಂಗಿದ, ಗೋಡೆಯತ್ತ ಹೊರಳಿಕೊಂಡ.

"ನಾನಲ್ಲವ್ವ, ದೊಡ್ಡಪ್ಪ ಒತ್ತಿದ್ದು" ಎಂದು ನೆಂಟರು ಹೋದ ಮೇಲೆ ಹೇಳಿದೆ. ಅವ್ವ ನನ್ನ ಬಲಗೈ ಹಿಡಿದು ಬೆರಳನ್ನು ತಿರುಗಿಸಿ ನೋಡಿದಳು. "ಮಾಡಿದ್ದೂ ಅಲ್ದೆ ಹಿರೇರ ಮ್ಯಾಲೆ ಹಾಕ್ತೀಯಾ?" ಎಂದು ಒಲೆಯ ಊದುಗೊಳವೆಯಿಂದ ಅದೇ ಬೆರಳ ಗೆಣ್ಣಿಗೆ ಹೊಡೆದಳು. ಅಪ್ಪ ಒಳಗೆ ಎಚ್ಚರವಾಗಿಯೇ ಇದ್ದ. ಕೆಮ್ಮಿದ್ದು ಕೇಳಿಸಿತು.

ಅಪ್ಪನ ಊಟದ ತಟ್ಟೆಯನ್ನು ನನ್ನ ಕೈಯಲ್ಲಿ ಕಳಿಸುವುದು ಅವತ್ತಿಗೆ ನಿಂತಿತು. ಜೂನಿನಲ್ಲಿ ಸ್ಕೂಲು ಶುರುವಾದಾಗ ಮಾತು ನನಗಿಂತ ಮೊದಲೇ ಅಲ್ಲಿ ತಲುಪಿತ್ತು. ಕುಂಟಾಬಿಲ್ಲೆ ಆಡುವಾಗ, ಹಗ್ಗ ಜಿಗಿಯುವಾಗ, "ಅವಳ ಕೈಗೆ ಕೊಡಬ್ಯಾಡ್ರೇ, ಬೆರಳು ತೆಗೀತಾಳೆ" ಎನ್ನುತ್ತಿದ್ದರು. ಅದನ್ನೇ ಕೇಳಿ ಕೇಳಿ, ಒತ್ತಿದವಳು ನಾನೇ ಇರಬೇಕು ಎಂದು ನನಗೂ ಅನ್ನಿಸತೊಡಗಿತು. ಎಷ್ಟಾದರೂ ಸ್ವಿಚ್ಚಿಗೆ ತಾಗಿದ್ದು ನನ್ನ ಬೆರಳೇ ತಾನೆ.

ದೊಡ್ಡಪ್ಪ ಅಪ್ಪನನ್ನು ಕೈಬಿಡಲಿಲ್ಲ. ಹಾಗೆಂದು ಊರೆಲ್ಲ ಹೊಗಳಿತು. ವೈರು ಹಿಡಿಯಲಾಗದ ಅಪ್ಪ ಗೋಡೌನಿನಲ್ಲಿ ಕುರ್ಚಿ ಎಣಿಸುವ, ಬಟ್ಟೆ ಮಡಚುವ ಕೆಲಸಕ್ಕೆ ಬಿದ್ದ. ಶೆಡ್ಡಿಗೆ ಬೀಗ ಹಾಕಿದರು. ಎರಡು ವರ್ಷದಲ್ಲಿ ಆ ಕಾರೂ ಗುಜರಿಗೆ ಹೋಯಿತು.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡ. ಕಾರ್ಯ ಮುಗಿಸಿಕೊಂಡು ಅಪ್ಪ ಜಗಳೂರಿಗೆ, ನಮ್ಮ ಮನೆಗೆ ಬಂದ. ನಾನಿಲ್ಲಿ ಹೈಸ್ಕೂಲು ಟೀಚರು. ಹಿತ್ತಿಲಲ್ಲಿ ಟೀ ಕುಡಿಯುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. "ಅಪ್ಪಾ, ಅವತ್ತು ಯಾರು ಒತ್ತಿದ್ದು ಅಂತ ನಿಂಗೆ ಗೊತ್ತಿತ್ತಾ?"

ಅವನು ಲೋಟವನ್ನು ಮೂರು ಬೆರಳಲ್ಲಿ ತಿರುಗಿಸಿದ. "ಗೊತ್ತಿತ್ತವ್ವ. ನಿಮ್ಮಿಬ್ಬರ ಮಾತು ಅಷ್ಟೂ ಕೇಳಿಸಿತ್ತು. ಕೈ ಎಳ್ಕಳ್ಳಾಕೆ ಹೊತ್ತು ಸಾಲಲಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಅಣ್ಣನ್ನ ಎದುರು ಹಾಕ್ಕಂಡ್ರೆ ಬೆರಳಿಲ್ಲದೋನಿಗೆ ಯಾರು ಅನ್ನ ಹಾಕೋರು? ನೀನು ಸಣ್ಣೋಳು, ಮರೀತೀಯ ಅಂದ್ಕಂಡೆ."

"ಅವ್ವಂಗಾದ್ರೂ ಹೇಳಬಹುದಿತ್ತು."

"ಹೇಳಿದ್ರೆ ಅವಳು ಹೋಗಿ ಜಗಳ ಆಡೋಳು" ಎಂದ. ಅವ್ವ ಸತ್ತು ಆಗಲೇ ಆರು ವರ್ಷವಾಗಿತ್ತು. ಸ್ವಿಚ್ಚು ಒತ್ತಿದ ಬೆರಳು ತನ್ನ ಮಗಳದೆಂದೇ ನಂಬಿಕೊಂಡು ಅವಳು ಹೋಗಿಬಿಟ್ಟಳು.

ಅಪ್ಪ ಕಳೆದುಕೊಂಡದ್ದು ಎರಡು ಬೆರಳು. ಅದನ್ನು ಊರೆಲ್ಲ ಎಣಿಸಿತು. ಇವತ್ತಿಗೂ ನಮ್ಮ ಮನೆಯಲ್ಲಿ ಫ್ಯೂಜು ಹೋದರೆ ನಾನು ಮುಟ್ಟುವುದಿಲ್ಲ, ಪಕ್ಕದ ಮನೆಯವರನ್ನು ಕೂಗುತ್ತೇನೆ. ಹೊನ್ನಾಳಿಗೆ ಹೋದಾಗ ಅಪ್ಪನೂ ನಾನೂ ಮಳೆಯ ಬಗ್ಗೆ, ಬಸ್ಸಿನ ಬಗ್ಗೆ, ಅವನ ಸಕ್ಕರೆ ಕಾಯಿಲೆಯ ಮಾತ್ರೆಯ ಬಗ್ಗೆ ಮಾತಾಡುತ್ತೇವೆ. ಹತ್ತು ನಿಮಿಷಕ್ಕೆ ಎಲ್ಲ ಮುಗಿದಿರುತ್ತದೆ. ಒಂದು ಕಾಲಕ್ಕೆ ಬೇಸಿಗೆಯ ಇಡೀ ಹಗಲು ಮಾತಾಡಿದರೂ ನಮಗೆ ಸಾಲುತ್ತಿರಲಿಲ್ಲ.