ಕಪಾಟಿನ ಮೇಲೇರಿದ ಮರಳಿನ ತಟ್ಟೆ

ಮೂರನೇ ಕ್ಲಾಸಿನ ಟೀಚರಮ್ಮನಿಗೆ ಸ್ಟಾಫ್ ರೂಮಿನಲ್ಲಿ ಬಿದ್ದಿದ್ದ ಅಡ್ಡಹೆಸರು ಮೆನು ಮೇಡಂ. ಸುಮ್ಮನೆ ಬಿದ್ದದ್ದಲ್ಲ. ಒಂದು ಗುಣಾಕಾರದ ಪಾಠಕ್ಕೆ ಆಕೆ ಮೂರು ಬಗೆಯ ತಯಾರಿ ಮಾಡುತ್ತಿದ್ದರು. ಕೇಳಿ ಕಲಿಯುವವರಿಗೆ ಚಪ್ಪಾಳೆಯ ಹಾಡು, ನೋಡಿ ಕಲಿಯುವವರಿಗೆ ಬಣ್ಣದ ಚಾರ್ಟು, ಮುಟ್ಟಿ ಕಲಿಯುವವರಿಗೆ ಗುಂಡಿ, ಬೀಜ, ಮರಳಿನ ತಟ್ಟೆ. "ಇವತ್ತಿನ ಸ್ಪೆಷಲ್ ಏನು ಮೇಡಂ?" ಎಂದು ಪಿಟಿ ಮಾಸ್ಟರು ದಿನಾ ಕಾಲೆಳೆಯುತ್ತಿದ್ದರು. ಆ ಮಹಾಶಯರಿಗೆ ತಯಾರಿ ಎಂದರೆ ಸೀಟಿ ಕೊರಳಲ್ಲಿದೆಯೇ ಎಂದು ನೋಡಿಕೊಳ್ಳುವುದು, ಅಷ್ಟೇ. ಟೀಚರಮ್ಮ ನಗುತ್ತಿದ್ದರು. ಒಳಗೊಳಗೆ ಹೆಮ್ಮೆ ಇತ್ತು, ಯಾಕಿರಬಾರದು? ಅವರ ಕ್ಲಾಸಿನಲ್ಲಿ ದಡ್ಡರೆನಿಸಿಕೊಂಡ ಮಕ್ಕಳೇ ಇರಲಿಲ್ಲ.

ಆ ಹೆಮ್ಮೆಗೆ ದೊಡ್ಡ ಕಾರಣ ಕಿಟಕಿ ಪಕ್ಕ ಕೂರುವ ಹುಡುಗಿ, ಇಸ್ತ್ರಿ ಅಂಗಡಿಯಾಕೆಯ ಮಗಳು. ಒಂದನೇ ಕ್ಲಾಸಿಗೆ ಬಂದ ಹೊಸದರಲ್ಲಿ ಬೋರ್ಡಿನ ಮೇಲಿನ ಒಂದಕ್ಷರವನ್ನೂ ಬರೆದುಕೊಳ್ಳದೆ ಗೋಡೆ ನೋಡುತ್ತ ಕೂತಿರುತ್ತಿದ್ದಳು. ಆಗ ಒಂದನೇ ಕ್ಲಾಸಿಗೇ ಪಾಠ ಮಾಡುತ್ತಿದ್ದ ಟೀಚರಮ್ಮ ಗದರಲಿಲ್ಲ. ಮರಳಿನ ತಟ್ಟೆ ಮುಂದಿಟ್ಟು, ಅವಳ ಬೆರಳು ಹಿಡಿದು ಅಕ್ಷರ ತಿದ್ದಿಸಿದರು. ಹುಡುಗಿ ಚಕಚಕನೆ ಕಲಿತುಬಿಟ್ಟಳು.

"ನೀನು ನನ್ನ ಬೆರಳುಜಾಣೆ ಕಣೇ!" ಎಂದು ಟೀಚರಮ್ಮ ಕೆನ್ನೆ ಹಿಂಡಿದರು.

ಅಲ್ಲಿಂದ ಅವಳಿಗೆ ಎಲ್ಲವೂ ಬೆರಳಲ್ಲೇ. ರಟ್ಟಿನಲ್ಲಿ ಕತ್ತರಿಸಿದ ಅಕ್ಷರ, ದಾರಕ್ಕೆ ಪೋಣಿಸಿದ ಲೆಕ್ಕ, ಪರೀಕ್ಷೆಯಲ್ಲಿ ಬಾಯಿಮಾತಿನ ಉತ್ತರ. ಪುಸ್ತಕ ಕೊಟ್ಟರೆ ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದಳು. "ನೋಡಿ, ಪುಸ್ತಕಾನೂ ಮುಟ್ಟೇ ಓದ್ತಾಳೆ" ಎಂದು ಟೀಚರಮ್ಮ ಮುದ್ದಿನಿಂದ ನಗುತ್ತಿದ್ದರು. ಮಕ್ಕಳ ಜೊತೆಗೇ ಅವರೂ ಮೂರನೇ ಕ್ಲಾಸಿಗೆ ಬಂದರು. ತಟ್ಟೆಯೂ ಬಂತು.

ಹೀಗಿರುವಾಗ ಟೀಚರಮ್ಮ ಜ್ವರ ಬಂದು ಹಾಸಿಗೆ ಹಿಡಿದರು. ಕ್ಲಾಸು ಪಿಟಿ ಮಾಸ್ಟರ ತಲೆಗೆ ಬಿತ್ತು. ಅವರ ಹತ್ತಿರ ಹಾಡೂ ಇಲ್ಲ, ತಟ್ಟೆಯೂ ಇಲ್ಲ. ಬೋರ್ಡಿನ ಮೇಲೆ ಲೆಕ್ಕ ಗೀಚಿ, "ಎಲ್ಲಾರೂ ಬರ್ಕೊಳ್ಳಿ" ಅಂದರು. ಹುಡುಗಿ ಬರೆಯಲಿಲ್ಲ. ಗದರಿದರು, ಬರೆಯಲಿಲ್ಲ. ಮುಂದಿನ ಬೆಂಚಿಗೆ ಕರೆದರು, ಆಗಲೂ ಇಲ್ಲ. ಕೊನೆಗೆ ಎದ್ದು ಬಂದು, ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಓದಿದಳು. ಮಾಸ್ಟರ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು.

ಟೀಚರಮ್ಮ ಕೆಲಸಕ್ಕೆ ಮರಳಿದ ದಿನ ಮಾಸ್ಟರು ತಮಾಷೆ ಮಾಡಲಿಲ್ಲ. "ಮೇಡಂ, ಆ ಮಗೂಗೆ ಬೋರ್ಡು ಕಾಣ್ಸಲ್ಲ. ಬಲಗಣ್ಣು ಮುಚ್ಚಿದ್ರೆ ನನ್ನ ಬೆರಳು ಎಷ್ಟು ಅಂತಾನೂ ಹೇಳ್ಲಿಲ್ಲ. ಅವ್ರಮ್ಮನ್ನ ಕರೆಸಿ ಕಣ್ಣಾಸ್ಪತ್ರೆಗೆ ಕಳಿಸಿದೀನಿ" ಅಂದರು.

ಗೋಡೆ ನೋಡುತ್ತ ಕೂತ ಮಗು, ಮೂಗಿಗೆ ತಾಗಿದ ಪುಸ್ತಕ, ಎಲ್ಲ ಟೀಚರಮ್ಮನ ಕಣ್ಣೆದುರೇ ಇತ್ತು. ಆಕೆ ಅದಕ್ಕೊಂದು ಮುದ್ದಿನ ಹೆಸರಿಟ್ಟು ಕೂತಿದ್ದರು.

ಸಂಜೆ ಇಸ್ತ್ರಿ ಅಂಗಡಿಯಾಕೆ ಬಂದಳು. "ಎರಡೂ ಕಣ್ಣಿಗೆ ದೂರದ್ದು ಕಾಣಲ್ವಂತೆ ಮಿಸ್, ಅದ್ರಲ್ಲೂ ಎಡಗಣ್ಣು ಕೆಲಸ ಇಲ್ದೆ ನೋಡೋದನ್ನೇ ಬಿಟ್ಬಿಟ್ಟಿದೆಯಂತೆ. ಒಂದನೇ ಕ್ಲಾಸಲ್ಲೇ ಬಂದಿದ್ರೆ ಪೂರ್ತಿ ಸರಿಹೋಗ್ತಿತ್ತೇನೋ, ಈಗ ಎಷ್ಟು ಬರುತ್ತೋ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು. ಕನ್ನಡಕ ಹಾಕಿ, ಬಲಗಣ್ಣಿಗೆ ಪಟ್ಟಿ ಕಟ್ಟಿ, ಎಡಗಣ್ಣಲ್ಲೇ ಓದಿಸ್ಬೇಕಂತೆ. ಮುಟ್ಟಿ ಕಲಿಸೋದು ಸದ್ಯಕ್ಕೆ ಬೇಡ್ವಂತೆ."

"ತಪ್ಪು ನಂದಮ್ಮ. ನಾನು ಗಮನಿಸಬೇಕಿತ್ತು."

"ಅಯ್ಯೋ, ಏನ್ ಮಿಸ್ ನೀವು! ನಿಮ್ ಕ್ಲಾಸಲ್ಲಿ ನನ್ ಮಗಳಿಗೆ ಕಷ್ಟ ಅನ್ನೋದೇ ಗೊತ್ತಾಗ್ಲಿಲ್ಲ. ನಿಮ್ ಋಣ ಹೇಗೆ ತೀರಿಸ್ಲಿ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕಷ್ಟವೇ ಗೊತ್ತಾಗಲಿಲ್ಲ ಎಂಬ ಮಾತು ಕರುಳಿಗೇ ಚುಚ್ಚಿತು. ಒಂದು ದಿನ ಕಷ್ಟಪಟ್ಟು ಅತ್ತಿದ್ದರೆ ಮಗುವಿನ ಕಣ್ಣು ಉಳಿಯುತ್ತಿತ್ತಲ್ಲ ಎಂದು ಆಕೆ ಆ ತಾಯಿಗೆ ಹೇಗೆ ಹೇಳಿಯಾರು?

ಮರುದಿನದ ಪಾಠಕ್ಕೆ ಟೀಚರಮ್ಮ ನಾಲ್ಕನೆಯ ಬಗೆಯೊಂದನ್ನು ಸೇರಿಸಿದರು. ಬೋರ್ಡಿನ ತುಂಬ ಅಂಗೈಯಗಲದ ಅಕ್ಷರ ಬರೆದರು. ಮರಳಿನ ತಟ್ಟೆಯನ್ನು ಎತ್ತಿ ಕಪಾಟಿನ ಮೇಲಿಟ್ಟರು.

ಹುಡುಗಿ ಪಟ್ಟಿ ಕಟ್ಟಿಕೊಂಡು ಬಂದಳು. ಬೆಂಚಿನ ಮೇಲೆ, ಕೆಳಗೆ, ಪಕ್ಕದಲ್ಲಿ ಕೈಯಾಡಿಸಿದಳು. "ಮಿಸ್, ನನ್ ತಟ್ಟೆ?"

"ಸ್ವಲ್ಪ ದಿನ ಬೇಡ ಪುಟ್ಟ. ಬೋರ್ಡು ನೋಡಿ ಓದು."

ಹುಡುಗಿ ನೋಡಿದಳು, ಕತ್ತು ವಾಲಿಸಿದಳು, ಮತ್ತೆ ನೋಡಿದಳು. ಕನ್ನಡಕದೊಳಗೆ ನೀರು ತುಂಬಿತು. "ನಾನೇನ್ ತಪ್ಪು ಮಾಡ್ದೆ ಮಿಸ್?"

"ನೀನಲ್ಲಮ್ಮ, ನಾನು" ಅಂದರು ಟೀಚರಮ್ಮ. ಮಗುವಿಗೆ ಅರ್ಥವಾಗಲಿಲ್ಲ. ಹಿಡಿದು ತಿದ್ದಿಸಲೆಂದು, ಮೊದಲಿನ ಹಾಗೇ, ಬೆರಳು ಮುಂದೆ ಚಾಚಿತು.

ಟೀಚರಮ್ಮ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ಹೇಳಿದರು: "ಮೊದಲನೇ ಅಕ್ಷರ ಯಾವುದು, ನೋಡಿ ಹೇಳು."