ಮೋತಿಗೆ ಕಾಕು ಕೊಟ್ಟ ಚಪ್ಪಲಿ

ಗೆಳೆಯರೇ, ಇವತ್ತು ಮಧ್ಯಾಹ್ನ ಪಕ್ಕದ ಮನೆಯ ಶರಣಮ್ಮ ಕಾಕು ದುರುದುರು ನೋಡುತ್ತ ನಮ್ಮ ಅಂಗಳಕ್ಕೆ ಬಂದರು. ನಮ್ಮ ನಾಯಿ ಮೋತಿ ಹತ್ತು ವರ್ಷದಿಂದ ಅವರ ಚಪ್ಪಲಿ ಕದ್ದು ಕಡಿಯುತ್ತ ಬಂದವನು. ಜಗಳಕ್ಕೇ ಬಂದರೆಂದುಕೊಂಡೆ.

“ನಾಕ್ ದಿನ ಆಯ್ತು, ನನ್ನ ಚಪ್ಪಲಿ ಇಟ್ಟಲ್ಲೇ ಅದಾವ. ಏನಾಗ್ಯದ ಇವನಿಗಿ?”

ಎರಡೂ ಕಿಡ್ನಿ ಕೆಟ್ಟಿವೆ, ಇನ್ನು ಭಾಳ ದಿನ ಇಲ್ಲ ಅಂತ ಚಿತ್ತಾಪುರದ ಡಾಕ್ಟರು ಹೇಳಿದ್ದಾರೆ ಎಂದೆ. ಈ ಮಾತನ್ನು ಇನ್ನೂ ಯಾರ ಮುಂದೂ ಆಡಿರಲಿಲ್ಲ.

ಕಾಕು ಸಮಾಧಾನ ಹೇಳಲಿಲ್ಲ. “ತಪ್ಪಾಯ್ತು ನೋಡ್ ತಮ್ಮಾ. ಆರಾಮಿಲ್ದವ್ರಿಗಿ ಮಾತಾಡ್ಸಲಾಕ ಬರಿಗೈಲೆ ಬರಬಾರ್ದಿತ್ತು” ಎಂದವರೇ ಕಾಲಿನ ಒಂದು ಚಪ್ಪಲಿ ಕಳಚಿ ಮೋತಿಯ ಮುಂದಿಟ್ಟರು. ಅವನು ಮೂಸಿ, ಅದರ ಮೇಲೆ ಗದ್ದ ಇಟ್ಟು ಮಲಗಿದ. ಕಾಕು ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ಒಂದೇ ಚಪ್ಪಲಿಯಲ್ಲಿ ಮನೆಗೆ ಹೋದರು.

ಸಂಜೆ ಗೋಡೆಯಾಚೆಯಿಂದ ಅದೇ ಜಗಳದ ದನಿ.

“ಚಪ್ಪಲಿ ಕಡದಾನೇನು?”

“ಇಲ್ರಿ ಕಾಕು. ಸುಮ್ನ ಮಲಗ್ಯಾನ.”

“ಅದು ಹಳೇದು, ಅದಕ್ಕ ಕಡದಿಲ್ಲ. ನಾಳಿ ಹೊಸಾದು ತರ್ತೀನಿ.”